ಗಿಣ್ಣಿನ ಮರಿ: ಮದರಾಸಿನ ಆರ್ಕಿಡ್ ಕೃಷಿಯ ಪೂರ್ವಕಥೆ

ಕೋರಮಂಡಲ ತೀರದ ಮರಳುನೆಲದಲ್ಲಿ ನೆಲೆನಿಂತು, ವರ್ಷದ ಬಹುಭಾಗವನ್ನು ಬಿಸಿಲಿಗೂ ಮಿಕ್ಕ ಭಾಗವನ್ನು ಈಶಾನ್ಯ ಮಾರುತದ ಬಿರುಮಳೆಗೂ ಒಪ್ಪಿಸಿಕೊಂಡಿರುವ ಮದರಾಸು ಪಟ್ಟಣಕ್ಕೂ, ಸಹ್ಯಾದ್ರಿಯ ತಂಪುನೆಳಲಿನಲ್ಲಿ ಮರದ ಕೊಂಬೆಗಳನ್ನಪ್ಪಿ ಬಾಳುವ ಆರ್ಕಿಡ್‌ಗಳಿಗೂ ಏನು ಸಂಬಂಧವೆಂದು, ಸೀತಾಳೆದಂಡೆಯನ್ನು ಮನೆಯಂಗಳದ ಹಲಸಿನ ಮರದಲ್ಲಿಯೇ ಕಂಡು ಬೆಳೆದ ಮಲೆನಾಡಿನ ಓದುಗರು ಕೇಳಬಹುದು. ಈ ಸಸ್ಯಗಳ ವಿದ್ಯೆ ನಮ್ಮ ದೇಶದಲ್ಲಿ ಬೆಳೆದುಬಂದ ದಾರಿಯನ್ನು ಅರಸುತ್ತ ಹೋದವರು ಮಾತ್ರ ಮತ್ತೆ ಮತ್ತೆ ಈ ಪಟ್ಟಣದ ಬಾಗಿಲಿಗೇ ಬಂದು ನಿಲ್ಲುತ್ತಾರೆ. ಇಂದು ಚೆನ್ನೈಯ ಮಹಡಿಗಳ ಮೇಲೆ ಹಸಿರುಬಲೆಯ ನೆಳಲಿನಲ್ಲಿ ತೂಗುವ ಡೆಂಡ್ರೋಬಿಯಂ ಗಿಡದ ಗಿಣ್ಣಿನಿಂದ ಮರಿಯೊಂದನ್ನು ಬಿಡಿಸಿ ಬೇರೊಂದು ಕುಂಡಕ್ಕೆ ಏರಿಸುವ ಕೈಗಳು, ತಾವರಿಯದೆಯೇ, ಎರಡು ಶತಮಾನಗಳಿಗೂ ಹಿಂದಿನ ಒಂದು ಕಥೆಯನ್ನು ಮುಂದುವರಿಸುತ್ತಿವೆ.

ಲಿನೇಯಸನ ಶಿಷ್ಯನಾಗಿ, ತರಂಗಂಬಾಡಿಯ ಡೇನಿಷ್ ವಸಾಹತಿಗೆ ವೈದ್ಯನಾಗಿ ಬಂದ ಯೋಹಾನ್ ಗೆರ್ಹಾರ್ಡ್ ಕೋನಿಗ್ ಎಂಬಾತನು ಆರ್ಕಾಟು ನವಾಬನ ಆಶ್ರಯದಲ್ಲಿ ಕೆಲಕಾಲವಿದ್ದು, ೧೭೭೮ರಲ್ಲಿ ಮದರಾಸಿನ ಕಂಪೆನಿ ಸರ್ಕಾರದ ಪ್ರಕೃತಿಶಾಸ್ತ್ರಜ್ಞನಾದನು. ಸಯಾಂ ಮೊದಲಾದ ಪೂರ್ವದೇಶಗಳಲ್ಲಿ ಸಂಚರಿಸಿ ಅವನು ಬರೆದಿಟ್ಟ ಆರ್ಕಿಡ್‌ಗಳ ವರ್ಣನೆ, ೧೭೮೫ರಲ್ಲಿ ಅವನು ತೀರಿಕೊಂಡ ಬಳಿಕ, ೧೭೯೧ರಲ್ಲಿ ಸ್ವೀಡನ್ನಿನ ರೆಟ್ಸಿಯಸನ ಗ್ರಂಥದಲ್ಲಿ ಬೆಳಕು ಕಂಡಿತು. ಕೋನಿಗನ ಸ್ನೇಹಿತನೂ ಮದರಾಸು ಸೇವೆಯ ಶಸ್ತ್ರವೈದ್ಯನೂ ಆಗಿದ್ದ ವಿಲಿಯಂ ರಾಕ್ಸ್‌ಬರ್ಗ್ ಆ ಕಾರ್ಯವನ್ನು ಕೈಗೆತ್ತಿಕೊಂಡು, ದೇಶೀಯ ಚಿತ್ರಗಾರರಿಂದ ಗಿಡಮರಗಳ ಚಿತ್ರಗಳನ್ನು ಬರೆಸಿ, ಕೋರಮಂಡಲ ತೀರದ ಸಸ್ಯಗಳನ್ನು ಕುರಿತ ತನ್ನ ಮಹಾಗ್ರಂಥದ ಮೊದಲ ಸಂಪುಟವನ್ನು ೧೭೯೫ರಲ್ಲಿ ಹೊರತಂದನು. ಆ ಸಂಪುಟದಲ್ಲಿ ಒಂದರ ಮಗ್ಗುಲಿಗೊಂದರಂತೆ ಎರಡು ಆರ್ಕಿಡ್‌ಗಳಿವೆ: ಒಂದನ್ನು ನಾವು ಈಗ ಡೆಂಡ್ರೋಬಿಯಂ ಅಫಿಲ್ಲಂ ಎಂದೂ, ಇನ್ನೊಂದನ್ನು ವ್ಯಾಂಡ ಟೆಸ್ಸೆಲೇಟ ಎಂದೂ ಕರೆಯುತ್ತೇವೆ.

ಈ ಎರಡರ ಸಹವಾಸ ಕಾಕತಾಳೀಯವಾದರೂ ಅರ್ಥವತ್ತಾದುದು. ಏಕೆಂದರೆ ಮನೆಯಲ್ಲಿ ಆರ್ಕಿಡ್ ಸಂತಾನವನ್ನು ಬೆಳೆಸಬಯಸುವವರಿಗೆ ಪ್ರಕೃತಿ ತೆರೆದಿಟ್ಟಿರುವ ಎರಡು ದಾರಿಗಳೂ ಇವುಗಳಲ್ಲಿಯೇ ಇವೆ. ಡೆಂಡ್ರೋಬಿಯಂ ಅಫಿಲ್ಲಂನ ಜೋಲುಕಾಂಡ ಎಲೆಯುದುರಿಸಿ ಬರಿದಾಗಿ, ಆ ಬರಿಯ ಕೋಲಿನ ಮೇಲೆಯೇ ಹೂವಾಡಿ, ಹೂವಿನ ಋತು ತೀರಿದ ಮೇಲೆ ಎಷ್ಟೋ ಸಲ ಅದೇ ಗಿಣ್ಣುಗಳಿಂದ ಎಳೆಯ ಗಿಡಗಳನ್ನು ಹೊರಡಿಸುತ್ತದೆ. ವ್ಯಾಂಡವೋ ಒಂದೇ ನೇರಕಾಂಡವಾಗಿ ಮೇಲಕ್ಕೇರುತ್ತ, ನಡುನಡುವೆ ಗಾಳಿಗೆ ಬೇರಿಳಿಬಿಟ್ಟು, ವಯಸ್ಸಾದಂತೆ ಬುಡದಲ್ಲಿ ಮರಿಯೊಡೆಯುತ್ತದೆ. ಬೇರು ಸಹಿತವಾದ ಅದರ ತುದಿಯನ್ನು ಕತ್ತರಿಸಿ ನೆಟ್ಟರೆ ತುದಿಯೂ ಬಾಳುತ್ತದೆ, ಬುಡವೂ ಚಿಗುರುತ್ತದೆ. ವರ್ಗೀಕರಣಕ್ಕೆ ಪುಷ್ಪವೇ ಪ್ರಮಾಣವಾಗಿದ್ದ ಆ ಯುಗದ ವಿದ್ವಾಂಸರಿಗೆ ಈ ಮರಿಗಳಲ್ಲಿ ವಿಶೇಷ ಪ್ರಯೋಜನವಿರಲಿಲ್ಲ.

ಮದರಾಸಿನಲ್ಲಿ ತೋಟಗಾರಿಕೆಗೆ ಒಂದು ಸಂಸ್ಥೆಯ ಆಸರೆ ದೊರೆತದ್ದು ೧೮೩೫ರಲ್ಲಿ, ರಾಬರ್ಟ್ ವೈಟ್ ಎಂಬ ವೈದ್ಯ-ಸಸ್ಯಶಾಸ್ತ್ರಜ್ಞನ ಪ್ರಯತ್ನದಿಂದ ಕೃಷಿ-ತೋಟಗಾರಿಕಾ ಸಂಘವು ಸ್ಥಾಪಿತವಾದಾಗ. ಆ ಸಂಘದ ತೋಟ ಕೆಥೀಡ್ರಲ್ ರಸ್ತೆಯಲ್ಲಿತ್ತು. ವೈಟನು ೧೮೩೮ರಿಂದ ೧೮೫೩ರವರೆಗೆ ಪ್ರಕಟಿಸಿದ, ಎರಡು ಸಾವಿರಕ್ಕೂ ಮಿಕ್ಕ ಚಿತ್ರಫಲಕಗಳ ಸಸ್ಯಕೋಶವನ್ನು ಸಾಧ್ಯಗೊಳಿಸಿದವರು ರಂಗಯ್ಯ ಮತ್ತು ಗೋವಿಂದು ಎಂಬ ಇಬ್ಬರು ಚಿತ್ರಗಾರರು. ಗೋವಿಂದುವಿನ ಕುಂಚದ ಋಣವನ್ನು ತೀರಿಸಲೋ ಎಂಬಂತೆ ವೈಟನು ೧೮೫೩ರಲ್ಲಿ ಒಂದು ಆರ್ಕಿಡ್ ಜಾತಿಗೆ ‘ಗೋವಿಂದೂಯ’ ಎಂದು ಹೆಸರಿಟ್ಟನು. ಮುಂದಿನವರು ಅದನ್ನು ಟ್ರೋಪಿಡಿಯ ಎಂಬ ಹಳೆಯ ಜಾತಿಯೊಳಗೆ ಸೇರಿಸಿದ್ದರಿಂದ ಆ ಹೆಸರು ಬಳಕೆಯಿಂದ ಜಾರಿತು. ಶಾಸ್ತ್ರದ ನಿಯಮಕ್ಕೆ ತಲೆಬಾಗಲೇಬೇಕು. ಆದರೂ ದಕ್ಷಿಣ ದೇಶದ ಒಬ್ಬ ಕುಶಲಕರ್ಮಿಯ ನೆನಪು ಒಂದು ಪುಷ್ಪದಲ್ಲಿ ನಿಂತಿದ್ದುದು ಹೀಗೆ ಅಳಿಸಿಹೋದದ್ದಕ್ಕೆ ನನಗೆ ಖೇದವಿದೆ.

ಆ ಶತಮಾನದ ಇನ್ನೊಂದು ಮುಖ ಅಷ್ಟು ಸುಂದರವಲ್ಲ. ಇಂಗ್ಲೆಂಡಿನ ಗಾಜಿನ ಮನೆಗಳಲ್ಲಿ ಆರ್ಕಿಡ್ ಮೋಹವು ಜ್ವರದಂತೆ ಏರಿದಾಗ, ಅದನ್ನು ತಣಿಸಿದ್ದು ತೋಟಗಾರರ ಕೌಶಲವಲ್ಲ, ಕಾಡಿನ ಸುಲಿಗೆ. ಮದರಾಸು ಸೈನ್ಯದ ಅಧಿಕಾರಿ ಹೀಬರ್ ಡ್ರೂರಿಯ ಹೆಸರನ್ನು ಹೊತ್ತ, ಅಗಸ್ತ್ಯಗಿರಿಯ ಹಳದಿ ಹೂವಿನ ಪಾಫಿಯೋಪೆಡಿಲಂ, ಸಂಗ್ರಾಹಕರ ಕೈಗೆ ಸಿಕ್ಕಿ ತನ್ನ ತವರಿನಲ್ಲಿಯೇ ಅಳಿವಿನ ಅಂಚಿಗೆ ಹೋಯಿತು. ಇದಕ್ಕೆಲ್ಲ ಮೂಲಕಾರಣ ಒಂದೇ: ಬೀಜದಿಂದ ಆರ್ಕಿಡ್ ಬೆಳೆಸುವ ಬಗೆ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಒಂದು ಕಾಯಿಯಲ್ಲಿ ಲಕ್ಷಗಟ್ಟಲೆ ಬೀಜ. ಆದರೆ ಪ್ರತಿಯೊಂದೂ ಧೂಳಿನ ಕಣ. ಅದರೊಳಗೆ ಕೆಲವೇ ಕೋಶಗಳ ಭ್ರೂಣವಿದೆ, ಆ ಭ್ರೂಣಕ್ಕೆ ಬುತ್ತಿಯಾಗಬೇಕಾದ ಆಹಾರವಿಲ್ಲ. ಶಿಲೀಂಧ್ರವೊಂದು ಬಂದು ಉಣಿಸಿದಲ್ಲದೆ ಈ ಬೀಜ ಮೊಳೆಯದೆಂಬುದನ್ನು ಫ್ರಾನ್ಸಿನ ನೊಯೆಲ್ ಬೆರ್ನಾರ್ ೧೮೯೯ರಲ್ಲಿ ಕಂಡನು. ಶಿಲೀಂಧ್ರದ ಹಂಗಿಲ್ಲದೆ ಸಕ್ಕರೆ ಬೆರೆಸಿದ ಅಗರ್ ಲೋಳೆಯ ಮೇಲೆ ಅದನ್ನು ಮೊಳೆಯಿಸಬಹುದೆಂದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಲೂಯಿಸ್ ನಡ್ಸನ್ ೧೯೨೨ರಲ್ಲಿ ತೋರಿಸಿಕೊಟ್ಟನು.

ಈ ಭ್ರೂಣದ ಕಥೆಯಲ್ಲಿ ಕನ್ನಡಿಗರೊಬ್ಬರ ಪಾತ್ರ ಬಲು ದೊಡ್ಡದು. ‘ಹಸುರು ಹೊನ್ನು’ವಿನ ಮೂಲಕ ಮನೆಮನೆಗೂ ಪರಿಚಿತರಾದ ಬಿ.ಜಿ.ಎಲ್. ಸ್ವಾಮಿಯವರನ್ನು ನಾವು ವಿನೋದಪ್ರಿಯ ಲೇಖಕರೆಂದೂ, ಡಿ.ವಿ.ಜಿ.ಯವರ ಸುಪುತ್ರರೆಂದೂ ಆದರಿಸುತ್ತೇವಾದರೂ, ಅವರ ತಾರುಣ್ಯದ ತಪಸ್ಸಿಗೆ ವಿಷಯವಾಗಿದ್ದುದು ಆರ್ಕಿಡ್‌ಗಳ ಭ್ರೂಣಶಾಸ್ತ್ರವೆಂಬುದನ್ನು ನೆನೆಯುವವರು ಕಡಮೆ. ಸಿಂಬಿಡಿಯಂ ಬೈಕಲರ್ ಎಂಬ ನಮ್ಮ ನಾಡಿನ ಆರ್ಕಿಡ್ಡಿನ ಭ್ರೂಣವಿಕಾಸವನ್ನು ಕುರಿತ ಅವರ ಪ್ರಬಂಧ ೧೯೪೨ರಲ್ಲಿ ಪ್ರಕಟವಾಯಿತು. ಯೂಲೋಫಿಯ, ಹೆಬನೇರಿಯ, ವೆನಿಲ್ಲ ಇವುಗಳ ಸರದಿ ಬಳಿಕ ಬಂದಿತು. ಹೂವಿನ ಅಂಡಾಶಯವನ್ನು ಕೂದಲೆಳೆಗಿಂತ ತೆಳುವಾದ ಪದರಗಳಾಗಿ ಕೊಯ್ದು, ಬಣ್ಣವೇರಿಸಿ, ಸೂಕ್ಷ್ಮದರ್ಶಕದ ಕೆಳಗೆ ಒಂದೊಂದೇ ಕೋಶದ ವಿಭಜನೆಯನ್ನು ಹಿಂಬಾಲಿಸುವ ಆ ಕೆಲಸಕ್ಕೆ ಎಷ್ಟು ಸೈರಣೆ ಬೇಕೆಂಬುದನ್ನು ಮಾಡಿದವರೇ ಬಲ್ಲರು. ಭ್ರೂಣವನ್ನು ಹಿಡಿದು ನಿಲ್ಲಿಸುವ ತಂತುವು ಒಂದೊಂದು ಗುಂಪಿನಲ್ಲಿ ಒಂದೊಂದು ಆಕಾರವನ್ನು ತಾಳುವುದನ್ನೂ, ಪೋಷಕಾಂಶದ ಅಂಗಾಂಶ ತಲೆಯೆತ್ತುವ ಮೊದಲೇ ಕರಗಿಹೋಗುವುದನ್ನೂ ಕುರಿತ ಅವರ ದೀರ್ಘಾಧ್ಯಯನ ೧೯೪೯ರಲ್ಲಿ ಎರಡು ಭಾಗಗಳಾಗಿ ಅಮೆರಿಕದ ಪತ್ರಿಕೆಯೊಂದರಲ್ಲಿ ಬೆಳಕು ಕಂಡಿತು. ಹಾರ್ವರ್ಡಿನಲ್ಲಿ ಇರ್ವಿಂಗ್ ಬೈಲಿಯವರೊಡನೆ ಕೆಲಸ ಮಾಡಿದ ಸ್ವಾಮಿಯವರು ೧೯೫೩ರಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಪ್ರಾಧ್ಯಾಪಕರಾಗಿ ಬಂದು, ಮುಂದೆ ಅಲ್ಲಿಯ ಪ್ರಿನ್ಸಿಪಾಲರೂ ಆದರು. ಮರೀನಾ ತೀರಕ್ಕೆದುರಾದ ಆ ಕೆಂಪು ಕಟ್ಟಡದಲ್ಲಿ, ಆರ್ಕಿಡ್ ಬೀಜವೇಕೆ ಇಷ್ಟು ಬಡವೆಂಬುದನ್ನು ಕೋಶಕೋಶವಾಗಿ ಕಂಡಿದ್ದವರೊಬ್ಬರು ಎರಡು ದಶಕಗಳಿಗೂ ಮಿಕ್ಕು ಪಾಠ ಹೇಳಿದರೆಂಬುದು ಈ ಪಟ್ಟಣದ ಭಾಗ್ಯವೇ ಸರಿ.

ಸ್ವಾಮಿಯವರ ಪ್ರಬಂಧಗಳು ಅಚ್ಚಾದ ಆ ೧೯೪೯ರಲ್ಲಿಯೇ, ಬೀಜವನ್ನು ಬಿಟ್ಟು ಗಿಣ್ಣಿನತ್ತ ನೋಡಿದ ಇನ್ನೊಂದು ಬರಹವೂ ಹೊರಬಂದಿತು. ನಡ್ಸನ್ನನ ಕಾರ್ನೆಲ್‌ನಲ್ಲಿಯೇ ಇದ್ದ ಗವಿನೋ ರೋಟರ್ ಎಂಬ ಫಿಲಿಪ್ಪೀನ್ಸ್ ದೇಶದ ವಿದ್ವಾಂಸನು ಫೆಲನಾಪ್ಸಿಸ್ ಎಂಬ ಆರ್ಕಿಡ್ಡಿನ ಹೂದಂಟನ್ನು ತುಂಡರಿಸಿ, ಗಿಣ್ಣಿನಲ್ಲಿ ನಿದ್ರಿಸುತ್ತಿದ್ದ ಮೊಗ್ಗುಗಳನ್ನು ಕ್ರಿಮಿರಹಿತವಾದ ಗಾಜಿನ ಬುದ್ದಲಿಯೊಳಗೆ ನಡ್ಸನ್ನನ ಪಾಕದ ಮೇಲಿರಿಸಿ, ಅವುಗಳಿಂದ ಪೂರ್ಣ ಸಸಿಗಳನ್ನು ಪಡೆದನು. ಬೀಜದಿಂದ ಹುಟ್ಟಿದ ಸಸಿ ತಾಯಿಯಂತಿರದು. ಗಿಣ್ಣಿನಿಂದ ಹುಟ್ಟಿದ್ದು ತಾಯಿಯೇ. ೧೯೫೫ರಲ್ಲಿ ಸ್ಕೂಗ್ ಮತ್ತು ಮಿಲ್ಲರ್ ಸಂಗಡಿಗರು ಕೋಶವಿಭಜನೆಯನ್ನು ಪ್ರೇರಿಸುವ ಕೈನೆಟಿನ್ನನ್ನು ಬೇರ್ಪಡಿಸಿದ ಮೇಲೆ, ಆ ವರ್ಗದ ದ್ರವ್ಯಗಳನ್ನು ಲ್ಯಾನೊಲಿನ್ ಜಿಡ್ಡಿನಲ್ಲಿ ಕಲಸಿ ಹೂದಂಟಿನ ಗಿಣ್ಣಿಗೆ ಸವರುವ ಲೇಪವು ಕ್ರಮೇಣ ಮನೆಗಳವರೆಗೂ ಬಂದಿತು. ೧೯೬೦ರಲ್ಲಿ ಫ್ರಾನ್ಸಿನ ಜಾರ್ಜ್ ಮೊರೆಲ್, ವೈರಸ್ ತಗುಲಿದ ಸಿಂಬಿಡಿಯಂ ಗಿಡವನ್ನು ಶುದ್ಧಗೊಳಿಸಲು ಅದರ ಚಿಗುರುತುದಿಯನ್ನು ಬೆಳೆಸಿದಾಗ, ಒಂದು ತುದಿಯಿಂದ ಸಾವಿರಾರು ಸಸಿಗಳನ್ನು ಎಬ್ಬಿಸುವ ಉದ್ಯಮಕ್ಕೆ ದಾರಿ ತೆರೆಯಿತು. ಇಂದು ಚೆನ್ನೈಯ ಸಸಿಮಾರಾಟದ ಅಂಗಡಿಗಳಲ್ಲಿ ಸುಲಭಬೆಲೆಗೆ ದೊರೆಯುವ ಆರ್ಕಿಡ್‌ಗಳು ಬಹುಮಟ್ಟಿಗೆ ಆ ದಾರಿಯಿಂದ ಬಂದವು.

ಪ್ರಯೋಗಶಾಲೆಯ ಈ ವೈಭವಕ್ಕೆ ಮುನ್ನವೂ ಗಿಡದ ತುಂಡಿನಿಂದ ಏನಾಗಬಹುದೆಂಬುದಕ್ಕೆ ಬಂಗಾಳಕೊಲ್ಲಿಯ ಆಚೆದಡದಲ್ಲಿ ಒಂದು ನಿದರ್ಶನವಿತ್ತು. ಸಿಂಗಪುರದ ಆಗ್ನೆಸ್ ಜೋಕಿಮ್ ಎಂಬ ಅರ್ಮೇನಿಯನ್ ಮಹಿಳೆಯ ಮನೆಯ ತೋಟದಲ್ಲಿ ಹುಟ್ಟಿ, ೧೮೯೩ರಲ್ಲಿ ಲೋಕಕ್ಕೆ ಪ್ರಕಟವಾದ ವ್ಯಾಂಡ ಮಿಸ್ ಜೋಕಿಮ್ ಕಡ್ಡಿಯಿಂದ ಕಡ್ಡಿಗೆ ಹಬ್ಬಿಯೇ ಹವಾಯಿಯವರೆಗೂ ಹೋಗಿ, ಅಲ್ಲಿಯ ಹೂಮಾಲೆಗಳಿಗೆ ಒದಗಿ, ೧೯೮೧ರಲ್ಲಿ ಸಿಂಗಪುರದ ರಾಷ್ಟ್ರಪುಷ್ಪವಾಯಿತು. ಗಿಣ್ಣಿನ ಮರಿಗೆ ಜಗತ್ತಿನ ತೋಟಗಾರರೆಲ್ಲ ಈಗ ಬಳಸುವ ‘ಕೇಕಿ’ ಎಂಬ ಹೆಸರೂ ಹವಾಯಿಯದೇ.

ಚೆನ್ನೈಯ ಹವೆ ಈ ಮರಿಗಳಿಗೆ ವಿಚಿತ್ರವಾಗಿ ಒಲಿದಿದೆ. ಫೆಲನಾಪ್ಸಿಸ್ ಹೂದಂಟನ್ನು ಹೊರಡಿಸಲು ಕೆಲವು ವಾರಗಳ ತಂಪನ್ನು ಬಯಸುತ್ತದೆ. ಸೆಕೆ ಹೆಚ್ಚಾದಲ್ಲಿ, ಆಗಲೇ ಮೂಡಿದ ದಂಟಿನ ಗಿಣ್ಣುಗಳು ಕೂಡ ಹೂವಾಗುವುದನ್ನು ಮರೆತು ಎಲೆಯಾಗುವುದುಂಟು. ಡೆಂಡ್ರೋಬಿಯಂ ಆದರೋ, ನೆಳಲು ಹೆಚ್ಚಾದಾಗ, ಸಾರಜನಕದ ಗೊಬ್ಬರ ಅತಿಯಾದಾಗ, ಅಥವಾ ಬುಡದ ಬೇರು ಕೊಳೆತಾಗ, ಹಳೆಯ ಕೋಲಿನ ನೆತ್ತಿಯಲ್ಲಿ ಮರಿಹಾಕುತ್ತದೆ. ಆದುದರಿಂದ ಮರಿಯನ್ನು ಕಂಡು ಹರ್ಷಿಸುವ ಮೊದಲು ತಾಯಿಯ ಬೇರನ್ನು ನೋಡಬೇಕು. ಮೊದಲು ಗಿಣ್ಣಿನ ತೆಳುಪೊರೆ ಬಿರಿದು ಹಸಿರು ಮೊನೆಯೊಂದು ಇಣುಕುತ್ತದೆ; ಅದು ಎರಡೆಲೆಯಾಗಿ ಬಿಚ್ಚಿ, ತನ್ನದೇ ಪುಟ್ಟ ಕಾಂಡವನ್ನು ಕಟ್ಟಿಕೊಂಡು, ಬುಡದಿಂದ ಬೇರುಗಳನ್ನು ಹೊರಡಿಸುತ್ತದೆ. ಒಣಗಿದಾಗ ಬೆಳ್ಳಿಬಣ್ಣ, ನೀರು ಚಿಮುಕಿಸಿದೊಡನೆ ಹಸಿರು, ತುದಿಯಲ್ಲಿ ಸದಾ ಹೊಳೆಯುವ ಎಳೆಹಸಿರು. ಈ ಬೇರುಗಳು ಎರಡು ಮೂರು ಅಂಗುಲವಾಗುವವರೆಗೆ ಮರಿಯನ್ನು ಮುಟ್ಟಲಾಗದು.

ಬಿಡಿಸುವ ಕಾಲವನ್ನೂ ಈ ಊರೇ ಕಲಿಸಿದೆ. ಕಡುಬೇಸಿಗೆಯ ಅಗ್ನಿನಕ್ಷತ್ರದ ದಿನಗಳಲ್ಲಿ ಬೇರ್ಪಡಿಸಿದ ಮರಿ ಬಾಡಿಹೋಗುತ್ತದೆ. ಈಶಾನ್ಯ ಮಾರುತದ ನಡುವೆ ತೆಂಗಿನ ನಾರಿನಲ್ಲಿ ಕೂರಿಸಿದ್ದು ಕೊಳೆತುಹೋಗುತ್ತದೆ. ಮಹಡಿತೋಟಗಳವರು ಇದ್ದಿಲು, ಹಂಚಿನ ಚೂರು, ಇಟ್ಟಿಗೆಯ ತುಣುಕುಗಳನ್ನೇ ನೆಚ್ಚಿ, ನಾರನ್ನು ಮಿತವಾಗಿ ಬಳಸುವುದು ಈ ಮಳೆಯ ಭಯದಿಂದಲೇ. ಚಾಕುವಿನ ಅಲಗನ್ನು ಪ್ರತಿ ಗಿಡಕ್ಕೂ ಮುನ್ನ ಬೆಂಕಿಗೆ ಹಿಡಿಯುವುದು ವೃಥಾಚಾರವಲ್ಲ: ಸಿಂಬಿಡಿಯಂ ಮೊಸಾಯಿಕ್ ವೈರಸ್ ಗಿಡದಿಂದ ಗಿಡಕ್ಕೆ ಸಾಗುವ ಮುಖ್ಯ ವಾಹನ ತೋಟಗಾರನ ಅಲಗೇ. ಕೊಯ್ದ ಗಾಯಕ್ಕೆ ಅರಿಸಿನವನ್ನು ಒತ್ತುವ ವಾಡಿಕೆ ನಮ್ಮ ಮನೆಗಳಿಂದ ಬಂದುದು.

ಕೆಥೀಡ್ರಲ್ ರಸ್ತೆಯ ಆ ಕೃಷಿ-ತೋಟಗಾರಿಕಾ ಸಂಘದ ಅಧೀನದಲ್ಲಿದ್ದ ನೆಲದ ಒಂದು ಭಾಗದಲ್ಲಿ, ಉಡುಪಿಯ ಸೀಮೆಯಿಂದ ಬಂದು ಮದರಾಸಿನಲ್ಲಿ ಹೆಸರು ಗಳಿಸಿದ ಕೃಷ್ಣರಾಯರು ೧೯೬೨ರಲ್ಲಿ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಉಪಾಹಾರಗೃಹವನ್ನು ತೆರೆದರು. ಮರಗಳ ನೆಳಲಿನಲ್ಲಿ ಕಾರು ನಿಲ್ಲಿಸಿ ದೋಸೆ ಕಾಫಿ ಸವಿದ ಕನ್ನಡಿಗರಲ್ಲಿ ಎಷ್ಟು ಮಂದಿಗೆ ತಾವು ವೈಟನ ಸಂಘದ ಅಂಗಳದಲ್ಲಿದ್ದೇವೆಂಬ ಅರಿವಿತ್ತೋ! ೨೦೦೮ರಲ್ಲಿ ಅದು ಮುಚ್ಚಿತು; ೨೦೧೦ರ ನವೆಂಬರಿನಲ್ಲಿ ಅಲ್ಲಿ ಸೆಮ್ಮೊಳಿ ಪೂಂಗಾ ಎಂಬ ಸಸ್ಯೋದ್ಯಾನ ತೆರೆಯಿತು. ಉಪಾಹಾರಗೃಹದ ಅಗಲಿಕೆಗೆ ಮರುಗಿದವರ ನೋವು ನಿಜವಾದುದೇ. ಆದರೆ ಆ ನೆಲ ಕಟ್ಟಡಗಳಿಗೆ ಬಲಿಯಾಗದೆ ಗಿಡಗಳಿಗೆ ಮರಳಿದ್ದನ್ನು ನಾನು ಲಾಭವೆಂದೇ ಎಣಿಸುತ್ತೇನೆ.

ಪ್ರಯೋಗಶಾಲೆಯ ಸಸಿ ಅಗ್ಗವಾದ ಈ ದಿನಗಳಲ್ಲಿಯೂ ಗಿಣ್ಣಿನ ಮರಿಯ ಬೆಲೆ ಇಳಿದಿಲ್ಲ. ಬುದ್ದಲಿಯ ಎಳೆಸಸಿ ಹೂವಾಡಲು ಹಲವು ವರ್ಷ ಹಿಡಿದರೆ, ಮರಿ ಬಹುಶಃ ಒಂದೆರಡು ವರ್ಷದಲ್ಲಿಯೇ ಹೂದಂಟನ್ನು ತೋರುತ್ತದೆ. ಮಾರುಕಟ್ಟೆ ಕೈಬಿಟ್ಟ ಹಳೆಯ ಸಂಕರ ತಳಿಗಳು ಉಳಿದು ಬರುವುದು ಇಂಥ ಮರಿಗಳನ್ನು ನೆರೆಹೊರೆಗೆ ಹಂಚುವ ಮನೆಗಳಿಂದಲೇ. ಹಂಚುವಾಗ ತಳಿಯ ಹೆಸರನ್ನು ಬರೆದ ಚೀಟಿಯನ್ನೂ ಮರಿಯ ಜೊತೆಗೆ ಕಳುಹಬೇಕು. ಹೆಸರು ಒಮ್ಮೆ ತಪ್ಪಿದರೆ ಸಂಕರ ತಳಿಯ ವಂಶವನ್ನು ಹೂವು ನೋಡಿ ಹೇಳುವುದು ಬಲ್ಲವರಿಗೂ ಕಷ್ಟ. ಮರಿಯನ್ನು ಕೊಟ್ಟ ಹಳೆಯ ಕೋಲು ಎಲೆಯಿಲ್ಲದೆ ಬೋಳಾಗಿದೆಯೆಂದು ಬಿಸುಡುವುದೂ ಸಲ್ಲದು. ಅದಿನ್ನೂ ಹಸಿರಾಗಿದ್ದರೆ, ಎರಡು ಮೂರು ಗಿಣ್ಣುಗಳ ತುಂಡುಗಳಾಗಿ ಕೊಯ್ದು, ಒದ್ದೆಯಾದ ಪಾಚಿಯ ಮೇಲೆ ಅಡ್ಡಲಾಗಿ ಮಲಗಿಸಿ, ನೆಳಲಿನಲ್ಲಿ ಮುಚ್ಚಿಟ್ಟಲ್ಲಿ, ಕೆಲವು ತಿಂಗಳಲ್ಲಿ ಉಳಿದ ಗಿಣ್ಣುಗಳೂ ಮರಿಯೊಡೆಯುವುದುಂಟು.