ಜಾವಾ ಮೋಟಾರು ಸೈಕಲ್ಲಿನ ಜೀರ್ಣೋದ್ಧಾರ

ಇತಿಹಾಸವೆಂದೊಡನೆ ಶಿಲಾಶಾಸನ, ತಾಮ್ರಪಟ, ಓಲೆಗರಿ ಇವುಗಳೇ ನಮ್ಮ ಕಣ್ಣೆದುರಿಗೆ ಬಂದು ನಿಲ್ಲುವುವು. ಮನೆಯ ಹಿತ್ತಲಲ್ಲಿ ಜಂಗು ಹಿಡಿದು ಬಿದ್ದಿರುವ ಮೋಟಾರು ಸೈಕಲ್ಲೊಂದು ಇತಿಹಾಸಕ್ಕೆ ಆಧಾರವಾಗಬಲ್ಲದೆಂದರೆ ವಾಚಕರಲ್ಲಿ ಕೆಲವರಾದರೂ ನಕ್ಕಾರು. ಆದರೆ ನಮ್ಮ ನಾಡಿನಲ್ಲಿಯೇ ಹುಟ್ಟಿ, ಮೂವತ್ತೈದು ವರ್ಷಗಳಿಗೂ ಮಿಕ್ಕು ನಡೆದು, 1996ರಲ್ಲಿ ಬಾಗಿಲು ಮುಚ್ಚಿದ ಮೈಸೂರಿನ ಜಾವಾ ಕಾರಖಾನೆಯ ಚರಿತ್ರೆಯನ್ನು ಬರೆಯಹೊರಟವನು ಎಲ್ಲಿಗೆ ಹೋಗತಕ್ಕದ್ದು? ಮುಚ್ಚಿದ ಕಾರಖಾನೆಯ ಕಡತಗಳು ಅರಸುಮನೆತನದ ದಫ್ತರಗಳಂತೆ ಪೆಟ್ಟಿಗೆಯಲ್ಲಿ ಭದ್ರವಾಗಿ ಉಳಿಯುವುದಿಲ್ಲ. ಅಲ್ಲಿ ತಯಾರಾದ ವಾಹನಗಳೇ ಅಲ್ಲಿಯ ಶಾಸನಗಳು. ಈ ಶಾಸನಗಳನ್ನು ಮಳೆಯೂ ಗುಜರಿಯವನೂ ಹಾಳುಮಾಡಿದ್ದು ಸಾಕಷ್ಟಾಯಿತು. ಈಚೆಗೆ ಅಕ್ಕರೆಯಿಂದ ರಿಪೇರಿ ಮಾಡುವವರೂ ಆ ಕೆಲಸಕ್ಕೆ ಕೈಹಚ್ಚಿರುವರು. ಆ ವಿಷಯವಾಗಿಯೇ ಈ ನಾಲ್ಕು ಮಾತು.

ನಮ್ಮ ಹುಬ್ಬಳ್ಳಿ-ಧಾರವಾಡ ಸೀಮೆಯ ಹಿರಿಯರು ಮೋಟಾರು ಸೈಕಲ್ಲನ್ನು 'ಫಟಫಟಿ' ಎಂದು ಕರೆಯುತ್ತಿದ್ದರು. ಇದು ಗ್ರಾಮ್ಯವೆಂದು ಮೂಗು ಮುರಿಯಬೇಕಾದುದಿಲ್ಲ. ಕಾಗೆಗೆ 'ಕಾಕ' ಎಂಬ ಹೆಸರು ಅದರ ಕೂಗಿನ ಅನುಕರಣದಿಂದಲೇ ಬಂದಿತೆಂದು ಯಾಸ್ಕನಂಥ ನಿರುಕ್ತಕಾರನೇ ಹೇಳಿರುವಾಗ, ನಮ್ಮ ಒಕ್ಕಲಿಗನು ಯಂತ್ರದ ಸದ್ದನ್ನು ಕೇಳಿ ಹೆಸರಿಟ್ಟುದರಲ್ಲಿ ತಪ್ಪೇನು? ಆದರೆ 'ಜಾವಾ' ಎಂಬ ಹೆಸರಿನ ನಿಷ್ಪತ್ತಿ ಬೇರೆ. ಅದನ್ನು ಕೇಳಿ ಜಾವಾ ದ್ವೀಪವನ್ನು ನೆನೆಯುವವರುಂಟು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಪ್ರಾಗ್ ನಗರದ ಫ್ರಾಂಟಿಶೆಕ್ ಯಾನೆಚೆಕ್ ಎಂಬವನು 1929ರಲ್ಲಿ ಜರ್ಮನಿಯ ವಾಂಡರರ್ ಸಂಸ್ಥೆಯಿಂದ ಮೋಟಾರು ಸೈಕಲ್ಲು ತಯಾರಿಸುವ ಹಕ್ಕನ್ನು ಕೊಂಡು, ತನ್ನ ಹೆಸರಿನ ಆದಿಭಾಗವನ್ನೂ ಆ ಸಂಸ್ಥೆಯ ಹೆಸರಿನ ಆದಿಭಾಗವನ್ನೂ ಕೂಡಿಸಿ ಈ ನಾಮವನ್ನು ಕಟ್ಟಿದನು. ಆ ದೇಶದವರು ಇದನ್ನು 'ಯಾವಾ' ಎಂದು ಉಚ್ಚರಿಸುವರು. ಎರಡನೆಯ ಮಹಾಯುದ್ಧದಲ್ಲಿ ದೇಶವು ಜರ್ಮನರ ಕೈವಶವಾಗಿದ್ದಾಗ ಆ ಕಾರಖಾನೆಯ ಯಂತ್ರಶಿಲ್ಪಿಗಳು ಗುಟ್ಟಾಗಿ ಹೊಸ ಮಾದರಿಯೊಂದನ್ನು ಯೋಜಿಸಿ, ಯುದ್ಧ ಮುಗಿದ ಮರುವರ್ಷ, ಎಂದರೆ 1946ರಲ್ಲಿ, ಪ್ಯಾರಿಸಿನ ಪ್ರದರ್ಶನದಲ್ಲಿ ಲೋಕಕ್ಕೆ ತೋರಿಸಿದರು. ಆ ಸಂತತಿಯಲ್ಲಿ 1954ರಲ್ಲಿ ಹುಟ್ಟಿದ 353ನೆಯ ಮಾದರಿಯೇ ಮುಂದೆ ಮೈಸೂರಿಗೆ ಬಂದದ್ದು.

ಅದು ಬಂದ ಕಾರಣವೂ ತಿಳಿಯತಕ್ಕದ್ದೇ. ಸ್ವಾತಂತ್ರ್ಯಾನಂತರ ನಮ್ಮ ಸರಕಾರವು ಪರದೇಶದ ವಾಹನಗಳ ಆಮದನ್ನು ಬಿಗಿಹಿಡಿದು, ಅವುಗಳನ್ನು ಇಲ್ಲಿಯೇ ತಯಾರಿಸುವವರಿಗೆ ಉತ್ತೇಜನ ಕೊಡತೊಡಗಿತು. ಮದರಾಸಿನಲ್ಲಿ 1955ರಿಂದ ಎನ್‌ಫೀಲ್ಡ್ ಗಾಡಿಗಳ ಕೆಲಸ ನಡೆದಿತ್ತು. ಪಾರಸೀ ಗೃಹಸ್ಥರಾದ ರುಸ್ತುಮ್ ಇರಾನಿಯವರು ಝೆಕೊಸ್ಲೊವಾಕಿಯದವರೊಡನೆ ಒಪ್ಪಂದ ಮಾಡಿಕೊಂಡು, ಫಾರೂಖ್ ಇರಾನಿಯವರೊಡಗೂಡಿ 1960ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರಖಾನೆಯನ್ನು ಸ್ಥಾಪಿಸಿದರು. ಆಗ ರಾಜ್ಯಪಾಲರಾಗಿದ್ದ ಶ್ರೀ ಜಯಚಾಮರಾಜ ಒಡೆಯರವರು ಅದನ್ನು ಉದ್ಘಾಟಿಸಿದರು. 1973ರ ಸುಮಾರಿಗೆ ಗಾಡಿಗೆ 'ಯೆಜ್ದಿ' ಎಂಬ ಹೊಸ ಹೆಸರು ಬಂದಿತು. ಇದು ಈರಾನಿನ ಯಜ್ದ್ ಪಟ್ಟಣದಿಂದ ಬಂದ ಹೆಸರು. ಅಗ್ನಿಪೂಜಕರಾದ ಜರಥುಷ್ಟ್ರಮತಸ್ಥರ ಹಳೆಯ ನೆಲೆ ಅದು. ನಮ್ಮ ರಾಜ್ಯವು 'ಮೈಸೂರು' ಎಂಬ ಹೆಸರನ್ನು ಬಿಟ್ಟು 'ಕರ್ನಾಟಕ'ವಾದುದೂ ಅದೇ 1973ರಲ್ಲಿ. ಹೀಗೆ ನಾಡಿಗೂ ಗಾಡಿಗೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ನಾಮಕರಣವಾಯಿತು. 1978ರಲ್ಲಿ ರೋಡ್‌ಕಿಂಗ್ ಎಂಬ ಮಾದರಿ ಬಂದು ಹುಡುಗರ ಮನಸ್ಸನ್ನು ಸೆಳೆಯಿತು. 1985ರ ತರುವಾಯ ಜಪಾನಿನವರ ಸಹಯೋಗದಿಂದ ಮಿತವ್ಯಯದ ನಾಲ್ಕು ಸ್ಟ್ರೋಕಿನ ಗಾಡಿಗಳು ಬಂದುವು. ಹೊಗೆಯ ವಿಷಯದಲ್ಲಿ ಸರಕಾರದ ಕಟ್ಟಳೆಗಳೂ ಬಿಗಿಯಾದುವು. ಎಣ್ಣೆ ಬೆರೆಸಿದ ಪೆಟ್ರೋಲನ್ನು ಕುಡಿದು ನೀಲಿ ಹೊಗೆ ಬಿಡುವ ಈ ಗಾಡಿಗೆ ಕಾಲ ಕೂಡಿಬರಲಿಲ್ಲ.

ಈಗ ಶಾಸನವನ್ನು ಓದುವ ಬಗೆಗೆ ಬರೋಣ. ಮೈಸೂರಿನಲ್ಲಿ ಮೊದಮೊದಲು ಝೆಕೊಸ್ಲೊವಾಕಿಯದಿಂದ ಬಂದ ಭಾಗಗಳನ್ನು ಜೋಡಿಸಿ ಗಾಡಿ ಕಟ್ಟುತ್ತಿದ್ದರು. ಕ್ರಮೇಣ ಒಂದೊಂದೇ ಭಾಗವು ಈ ದೇಶದಲ್ಲಿಯೇ ತಯಾರಾಗತೊಡಗಿತು. ಆದುದರಿಂದ ಆರಂಭಕಾಲದ ಗಾಡಿಯೊಂದನ್ನು ಬಿಚ್ಚಿದರೆ ಕಾರ್ಬುರೇಟರಿನ ಮೇಲೆ 'ಜಿಕೊವ್' ಎಂದೂ ವಿದ್ಯುತ್ತಿನ ಭಾಗಗಳ ಮೇಲೆ 'ಪಾಲ್' ಎಂದೂ ಆ ದೇಶದ ಮುದ್ರೆಗಳು ಕಾಣಬಹುದು. ಪಕ್ಕದ ಇನ್ನೊಂದು ಭಾಗದ ಮೇಲೆ ಭಾರತದ ಮುದ್ರೆ ಕಂಡೀತು. ಯಾವ ಭಾಗ ಎಲ್ಲಿಯದು ಎಂಬುದನ್ನು ಇಂಜಿನ್ ನಂಬರಿನೊಡನೆ ಬರೆದಿಟ್ಟು, ಇಂಥ ಹತ್ತಿಪ್ಪತ್ತು ಗಾಡಿಗಳನ್ನು ಹೋಲಿಸಿದರೆ, ನಮ್ಮ ಕೆಲಸಗಾರರು ಯಾವ ವರ್ಷ ಯಾವ ವಿದ್ಯೆಯನ್ನು ಕಲಿತರು ಎಂಬ ಅನುಕ್ರಮವೇ ಹೊರಬೀಳುವುದು. ಹಲವು ಹಸ್ತಪ್ರತಿಗಳನ್ನು ಕೂಡಿಸಿ ಪಾಠಾಂತರಗಳನ್ನು ಗುರುತಿಸುವ ಸಂಪಾದಕನ ಕೆಲಸಕ್ಕೂ ಇದಕ್ಕೂ ನನಗೆ ಭೇದ ಕಾಣದು. ಕೌಟಿಲ್ಯನ ಅರ್ಥಶಾಸ್ತ್ರವು ಮೈಸೂರಿನ ಪ್ರಾಚ್ಯ ಪುಸ್ತಕಾಲಯದ ಓಲೆಗಳಲ್ಲಿ ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದದ್ದು 1905ರಲ್ಲಿ. ಅದಕ್ಕೆ ಮುಂಚೆ ಯಾರಾದರೂ ಆ ಗರಿಗಳನ್ನು ಹಳೆಯವೆಂದು ಒಲೆಗೆ ಹಾಕಿದ್ದರೆ? ಅಥವಾ ಅಂದವಾಗಲೆಂದು ಅಕ್ಷರಗಳನ್ನು ಹೆರೆದು ಹೊಳಪು ಕೊಟ್ಟಿದ್ದರೆ?

ಈ ಯೋಚನೆಗೆ ಕಾರಣನಾದವನು ನನ್ನ ಹಳೆಯ ಶಿಷ್ಯನೊಬ್ಬನು. ಅವನು ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಲೇತಿನ ಕೆಲಸಗಾರನು. ಬೇಲೂರೆಂದರೆ ಹೊಯ್ಸಳರ ಬೇಲೂರೆಂದು ದೂರದವರು ಭ್ರಮಿಸುವುದುಂಟು. ಇದು ಧಾರವಾಡದಿಂದ ಬೆಳಗಾವಿಗೆ ಹೋಗುವ ಹೆದ್ದಾರಿಯಲ್ಲಿ ಮುಮ್ಮಿಗಟ್ಟಿಯ ಹತ್ತಿರದ ಬೇಲೂರು. ಇಲ್ಲಿ ಚೆನ್ನಕೇಶವನಿಲ್ಲ, ಟಾಟಾದವರು ಬ್ರೆಜಿಲ್ ದೇಶದ ಮಾರ್ಕೊಪೋಲೊ ಸಂಸ್ಥೆಯವರೊಡನೆ ಕೂಡಿ ಆರಂಭಿಸಿದ ಬಸ್ಸಿನ ಕಾರಖಾನೆಯೂ ಅದರಂಥ ಇನ್ನು ಕೆಲವೂ ಇರುವುವು. ಆ ಬೇಲೂರಿನ ಶಿಲ್ಪಗಳ ಕೆಳಗೆ ದಾಸೋಜ, ಚಾವಣ ಎಂದು ರೂವಾರಿಗಳು ತಮ್ಮ ಹೆಸರು ಕೆತ್ತಿರುವರು. ಈ ಬೇಲೂರಿನಲ್ಲಿ ಕಬ್ಬಿಣ ಕಡೆಯುವವರ ಹೆಸರು ಯಾವ ಬಸ್ಸಿನ ಮೇಲೆಯೂ ಇರುವುದಿಲ್ಲ. ಜಾವಾದ ಮೇಲೆಯೂ ಇರಲಿಲ್ಲ. ಹೆಸರಿಲ್ಲದವರ ಕೆಲಸಕ್ಕೆ ಅವರ ಕೈಗುರುತೇ ಸಾಕ್ಷಿ.

ಶಿಷ್ಯನು ಗುಜರಿಯ ಪಾಲಾಗಲಿದ್ದ 1960ರ ದಶಕದ ಜಾವಾ ಒಂದನ್ನು ಕೊಂಡು ತಂದು, ರವಿವಾರ ರವಿವಾರ ಮನೆಯ ಹಿತ್ತಲಲ್ಲಿ ಬಿಚ್ಚಿಕೊಂಡು ಕೂಡ್ರುವನು. ಅವನ ಪಕ್ಕದಲ್ಲಿ ಕುಳಿತು ನಾನು ಕಲಿತದ್ದು ಬಹಳ. ಈ ಇಂಜಿನ್ನಿಗೆ ಸಿಲಿಂಡರ್ ಒಂದೇ. ಅದರ ಒಳವ್ಯಾಸ 65 ಮಿಲಿಮೀಟರು, ಪಿಸ್ಟನ್ನು ಏರಿಳಿಯುವ ದೂರ 75 ಮಿಲಿಮೀಟರು, ಬಲವು ಸುಮಾರು 12 ಕುದುರೆಗಳದು. ಸಿಲಿಂಡರ್ ಒಂದಾದರೂ ಹೊಗೆ ಹೋಗುವ ದ್ವಾರಗಳು ಎರಡಿರುವುದರಿಂದ ಎಡಕ್ಕೊಂದು ಬಲಕ್ಕೊಂದು ಸೈಲೆನ್ಸರು. ಕಿಕ್ ಹೊಡೆಯುವ ಸಲಾಕೆಯೇ ಗೇರು ಹಾಕುವ ಸಲಾಕೆಯೂ ಆಗುವುದು ಇದರ ದೊಡ್ಡ ಚಮತ್ಕಾರ. ಕಾಲಿನಿಂದ ಗೇರನ್ನು ಒತ್ತುವಾಗ ಕ್ಲಚ್ಚು ತಾನಾಗಿ ಬಿಡುವುದು. ಕೈಯ ಹಿಡಿಕೆಯನ್ನು ಹಿಡಿಯಲೇಬೇಕೆಂದಿಲ್ಲ.

ಬಹುಕಾಲ ನಿಂತ ಗಾಡಿಯಲ್ಲಿ ಮೊದಲು ಕೆಡುವುದು ಕಬ್ಬಿಣವಲ್ಲ, ರಬ್ಬರು. ಎರಡು ಸ್ಟ್ರೋಕಿನ ಇಂಜಿನ್ನಿನಲ್ಲಿ ಪೆಟ್ರೋಲು ಗಾಳಿಗಳ ಮಿಶ್ರಣವು ಮೊದಲು ಕ್ರ್ಯಾಂಕಿನ ಕೋಣೆಯನ್ನು ಹೊಕ್ಕು ಅಲ್ಲಿಂದ ಸಿಲಿಂಡರಿಗೆ ಏರತಕ್ಕದ್ದು. ಆ ಕೋಣೆಯ ಸೀಲುಗಳು ಒಣಗಿ ಬಿರಿದರೆ ಹೊರಗಾಳಿ ನುಗ್ಗಿ ಮಿಶ್ರಣ ಕೆಡುವುದು. ಆಮೇಲೆ ಎಷ್ಟು ಕಿಕ್ ಹೊಡೆದರೂ ಕಾಲುನೋವೇ ಫಲ. ಪೆಟ್ರೋಲಿನೊಡನೆ 25ಕ್ಕೆ 1ರಂತೆ, ಎಂದರೆ ಲೀಟರಿಗೆ 40 ಮಿಲಿಲೀಟರು, ಎಣ್ಣೆ ಬೆರೆಸಬೇಕು. ಅದೇ ಎಣ್ಣೆ ಉರಿದು ಮಸಿಯಾಗಿ ಹೊಗೆಯ ದ್ವಾರಗಳನ್ನು ಮುಚ್ಚುವುದು. ಮಸಿಯನ್ನು ಕೆರೆದು ತೆಗೆದಾಗ ಪಿಸ್ಟನ್ನಿನ ನೆತ್ತಿಯ ಮೇಲೆ ಅಂಕಿಯೊಂದು ಕಂಡಿತು. ಸಿಲಿಂಡರು ಸವೆದಾಗ ಅದನ್ನು ಕಾಲು ಮಿಲಿಮೀಟರೋ ಅರ್ಧ ಮಿಲಿಮೀಟರೋ ಕೊರೆದು ಅಗಲಿಸಿ ದೊಡ್ಡ ಪಿಸ್ಟನ್ ಹಾಕುವ ರೂಢಿ. ಆ ಅಳತೆಯ ಅಂಕಿ ಅದು. ಅರ್ಧ ಮಿಲಿಮೀಟರು ಹೋಗಿದೆಯೆಂದರೆ ಗಾಡಿ ಹಲವು ಸಾವಿರ ಮೈಲು ಬದುಕಿದೆ, ಯಾವನೋ ಬಲ್ಲವನ ಕೈಗೆ ಸಿಕ್ಕಿದೆ ಎಂದು ಅರ್ಥ. ಹುಬ್ಬಳ್ಳಿಯಲ್ಲಿ ಅಂಥ ಕೈಗಳಿಗೆ ಬರವಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ದಕ್ಷಿಣ ಮರಾಠಾ ರೇಲ್ವೆಯವರು ಅಲ್ಲಿ ವರ್ಕಶಾಪು ತೆರೆದಂದಿನಿಂದ ತಲೆತಲಾಂತರವಾಗಿ ಕಬ್ಬಿಣದ ವಿದ್ಯೆ ಆ ಊರಿನ ಓಣಿಗಳಲ್ಲಿ ಹಬ್ಬಿತ್ತು.

ಹಾಗಾದರೆ ಏನನ್ನು ಬದಲಿಸಬಹುದು, ಏನನ್ನು ಬದಲಿಸಬಾರದು? ವ್ಯಾಕರಣಶಾಸ್ತ್ರದಲ್ಲಿ ಒಂದು ಪರಿಭಾಷೆಯುಂಟು. ಒಂದು ಅವಯವ ವಿಕಾರಗೊಂಡ ಮಾತ್ರಕ್ಕೆ ಪದಾರ್ಥವೇ ಬೇರೆಯಾಗದೆಂಬುದು ಅದರ ತಾತ್ಪರ್ಯ. ಬಾಲ ಕತ್ತರಿಸಿದ ನಾಯಿ ನಾಯಿಯಾಗಿಯೇ ಇರುವುದೆಂದು ಪಂಡಿತರು ಉದಾಹರಿಸುವರು. ಸೀಲು, ರಿಂಗು, ಪ್ಲಗ್ಗು, ಟಯರು, ಚೇನು ಇವು ಬಾಲದಂಥವು. ಸವೆಯುವುದಕ್ಕೆಂದೇ ಹುಟ್ಟಿದವು, ನಿಶ್ಚಿಂತೆಯಿಂದ ಬದಲಿಸಬಹುದು. ಚಾಸಿ, ಇಂಜಿನ್ನಿನ ಕವಚ, ಅವುಗಳ ಮೇಲಿನ ಅಂಕಿಗಳು ದೇಹವೇ ಸರಿ. ತೊಂದರೆ ಬರುವುದು ಇವೆರಡರ ನಡುವಿನ ಭಾಗಗಳಲ್ಲಿ. ಮುದ್ರೆಯುಳ್ಳ ಹಳೆಯ ಕಾರ್ಬುರೇಟರು ಸೋರುತ್ತದೆಂದು ಅದನ್ನೆಸೆದು ಹೊಸದನ್ನು ಕೂಡಿಸುವುದು ಸುಲಭ. 6 ವೋಲ್ಟಿನ ದೀಪ ಮಂಕೆಂದು 12 ವೋಲ್ಟಿಗೆ ಏರಿಸುವವರೂ ಉಂಟು. ಓಡಿಸುವವನ ದೃಷ್ಟಿಯಿಂದ ಅದರಲ್ಲಿ ತಪ್ಪಿಲ್ಲ. ಆದರೆ ತೆಗೆದ ಭಾಗವನ್ನು ಡಬ್ಬಿಯಲ್ಲಿ ಕಟ್ಟಿಡದೆ, ಬದಲಿಸಿದ್ದನ್ನು ಒಂದು ವಹಿಯಲ್ಲಿ ಬರೆಯದೆ ಬಿಡುವುದು ಪ್ರಕ್ಷಿಪ್ತ ಶ್ಲೋಕವನ್ನು ಮೂಲದಲ್ಲಿ ಸೇರಿಸಿ ಮೌನವಾಗಿ ಅಚ್ಚುಹಾಕಿಸಿದಂತೆ. ನನ್ನ ಶಿಷ್ಯನು ವಹಿ ಇಟ್ಟಿರುವನು. ಅಕ್ಷರ ಚೆನ್ನಾಗಿಲ್ಲ, ಅದು ನಾನು ಶಾಲೆಯಲ್ಲಿಯೇ ಸೋತ ಯುದ್ಧ.

ಇದರಲ್ಲಿ ಕಾಯಿದೆಯ ಮಾತೂ ಸೇರಿದೆ. 2021ರ ಜುಲೈಯಲ್ಲಿ ಕೇಂದ್ರ ಸರಕಾರವು ಮೋಟಾರು ವಾಹನಗಳ ನಿಯಮಗಳಿಗೆ ತಿದ್ದುಪಡಿ ತಂದು, ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಎರಡು ಹಾಗೂ ನಾಲ್ಕು ಗಾಲಿಯ ವಾಹನಗಳನ್ನು 'ವಿಂಟೇಜ್' ಎಂದು ಪ್ರತ್ಯೇಕವಾಗಿ ನೋಂದಾಯಿಸಲು ಅವಕಾಶ ಕಲ್ಪಿಸಿತು. ಅಂಥ ಗಾಡಿಯ ನಂಬರಿನಲ್ಲಿ 'ವಿಎ' ಎಂಬ ಅಕ್ಷರಗಳು ಬರುವುವು; ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ಪ್ರದರ್ಶನ, ಸಂಶೋಧನೆ, ರ‍್ಯಾಲಿ ಮೊದಲಾದವುಗಳಿಗೆ ಹೊರತು ನಿತ್ಯದ ಓಡಾಟಕ್ಕೆ ಅದನ್ನು ಬಳಸಕೂಡದು. ಮುಖ್ಯವಾದ ಷರತ್ತೆಂದರೆ, ಗಾಡಿ ಮೂಲರೂಪದಲ್ಲಿರಬೇಕು. ಚಾಸಿ, ಮೈಕಟ್ಟು, ಇಂಜಿನ್ನುಗಳಲ್ಲಿ ಗಣನೀಯ ಮಾರ್ಪಾಟು ಆಗಿರಬಾರದು. ಮೈಸೂರಿನ ಮೊದಲ ಜಾವಾಗಳು ಈಗ ಈ ವಯಸ್ಸಿಗೆ ಸಂದಿರುವುವು. ಮೂಲರೂಪ ಯಾವುದೆಂದು ಕೇಳಿದಾಗ ತೋರಿಸಲಿಕ್ಕೆ ಹಳೆಯ ನೋಂದಣಿ ಪುಸ್ತಕ, ಖರೀದಿಯ ಪಾವತಿ, ಗಾಡಿಯ ಮುಂದೆ ನಿಂತು ತೆಗೆಸಿದ ಮದುವೆಯ ಫೋಟೊ, ಇವೆಲ್ಲ ಬೇಕಾದಾವು. ಮನೆಮನೆಗಳ ಟ್ರಂಕುಗಳಲ್ಲಿ ಇವು ಇನ್ನೂ ಇರುವುವು; ಗಾಡಿಯನ್ನು ಮಾರುವಾಗ ಕಾಗದಗಳನ್ನು ರದ್ದಿಗೆ ಹಾಕಿ ಗಾಡಿಯೊಂದನ್ನೇ ಕೊಡುವ ಪದ್ಧತಿ ನಿಲ್ಲಬೇಕು. ಪ್ರತಿವರ್ಷ ಜುಲೈ ತಿಂಗಳ ಎರಡನೆಯ ರವಿವಾರ ಜಾವಾ-ಯೆಜ್ದಿ ದಿನವೆಂದು ಹಲವು ಊರುಗಳಲ್ಲಿ ಈ ಗಾಡಿಗಳ ಮೇಳ ನಡೆಯುವುದು. ಹೊಳಪನ್ನು ನೋಡಿ ಮೆಚ್ಚುವವರು ಅಲ್ಲಿ ಬಹಳ. ಅಂಕಿಗಳನ್ನು ಬರೆದುಕೊಳ್ಳುವ ನಾಲ್ವರು ಸಿಕ್ಕರೂ ಚರಿತ್ರೆಗೆ ಉಪಕಾರವಾದೀತು.

ಶಿಷ್ಯನ ಹಿತ್ತಲಲ್ಲಿ ಇಂಜಿನ್ನಿನ ಕೆಲಸ ಮುಗಿದಿದೆ. ಉಳಿದಿರುವುದು ಪೆಟ್ರೋಲ್ ಟ್ಯಾಂಕಿನ ಬಣ್ಣ. ಹೊರಗಿನ ಕಪ್ಪು ಬಣ್ಣವನ್ನು ಉಜ್ಜಿದಾಗ ಒಳಗೆ ಹಸಿರು ಕಾಣಿಸಿತು. ಹಸಿರಿನ ಮೇಲೆ ಹಳದಿ ಬಣ್ಣದಲ್ಲಿ, ಯಾರೋ ಪೇಂಟರನು ಕುಂಚದಿಂದ ದುಂಡಗೆ ಬರೆದ ಕನ್ನಡ ಅಕ್ಷರಗಳು: ಶ್ರೀ ಉಳವಿ ಚನ್ನಬಸವೇಶ್ವರ ಪ್ರಸನ್ನ. ಅದರ ಅಡಿಯಲ್ಲಿ, ಒಂದು ಮೂಲೆಯಲ್ಲಿ, ಕಾರಖಾನೆಯ ಕೆಂಗಂದು ಬಣ್ಣ ಇಣಿಕುತ್ತಿದೆ. "ಮಾಸ್ತರ, ಇನ್ನೊಂದು ಪದರ ತಗದ್ರ ಮೈಸೂರಿನ ಬಣ್ಣ ಸಿಗತೈತ್ರಿ, ಆದ್ರ ಈ ಅಕ್ಷರ ಹೋಗತಾವ್ರಿ," ಎಂದನು. ಕಾರಖಾನೆಯ ಬಣ್ಣವು ಕವಿಯ ಪಾಠ. ಹಳದಿಯ ಅಕ್ಷರಗಳು ಲಿಪಿಕಾರನು ಓಲೆಯ ತುದಿಗೆ ಬರೆದ ನಾಂದಿ. ಕವಿಯ ಪಾಠವೇ ಮುಖ್ಯವೆಂದು ಸಂಪಾದಕರು ಹೇಳುವರು, ನಿಜ. ಆದರೆ ಕೆಂಗಂದು ಬಣ್ಣದ ಜಾವಾಗಳು ಇನ್ನೂ ಹಲವು ಉಳಿದಿರುವುವು. ಉಳವಿಯ ಜಾತ್ರೆಗೆ ಹೋಗಿಬಂದ ಗುರುತನ್ನು ಹೊತ್ತ ಟ್ಯಾಂಕು ಮತ್ತೊಂದು ಸಿಕ್ಕೀತೆಂಬ ಭರವಸೆ ನನಗಿಲ್ಲ. ಅವನ ತಾಯಿಯಂತೂ ದೇವರ ಹೆಸರನ್ನು ಪಾಲಿಶ್ ಕಾಗದದಿಂದ ತಿಕ್ಕಲು ಸುತರಾಂ ಒಪ್ಪಳು. ನಾನು ಹಸಿರನ್ನೇ ಉಳಿಸೆಂದು ಹೇಳಿದ್ದೇನೆ. ಅವನು ಅಕ್ಷರಗಳ ಫೋಟೊ ತೆಗೆದು, ಉದ್ದಗಲಗಳನ್ನು ವಹಿಯಲ್ಲಿ ಬರೆದುಕೊಂಡು, ಟ್ಯಾಂಕನ್ನು ಹಳೆಯ ಧೋತರದಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿರುವನು.