ಚೆನ್ನಮ್ಮನ ಇಪ್ಪತ್ತೈದು ಪೈಸೆ

ಅಂಚೆಚೀಟಿ ಕೂಡಿಸುವ ಹುಚ್ಚು ಹಿಡಿದವರಿಗೆ ಜೇಬು ಖಾಲಿಯಾಗೋದು ಗೊತ್ತೇ ಆಗೋದಿಲ್ಲ. ಹುಚ್ಚಿಗೊಂದು ಬೇಲಿ ಬೇಕು. ಉಗರಗೋಳದಂಥ ಊರಿನವರಿಗೆ ಆ ಬೇಲಿ ನಮ್ಮ ಸೀಮೆಯ ಇತಿಹಾಸದಲ್ಲೇ ಸಿಗುತ್ತೆ ನೋಡಿ.

1824ರ ಅಕ್ಟೋಬರ್ 23ರಂದು ಕಿತ್ತೂರಿನ ಕಾಳಗದಲ್ಲಿ ಕಂಪನಿಯ ಕಲೆಕ್ಟರ್ ಥ್ಯಾಕರೆ ಸತ್ತ. ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲೇ ತೀರಿಕೊಂಡಳು. 1977ರಲ್ಲಿ ಅದೇ ಅಕ್ಟೋಬರ್ 23ಕ್ಕೆ ಆಕೆಯ ಅಂಚೆಚೀಟಿ ಬಂತು. ಮುಖಬೆಲೆ ಬರೀ 25 ಪೈಸೆ! 1960ರ ವಿಶ್ವೇಶ್ವರಯ್ಯ, 1964ರ ಪುರಂದರದಾಸರು, 1967ರ ಬಸವಣ್ಣ, ಇವೆಲ್ಲ 15 ಪೈಸೆಯವು.

ಇನ್ನೊಂದು ಕಡೆ 1948ರ ಗಾಂಧೀಜಿ ಚೀಟಿ. ಹತ್ತು ರೂಪಾಯಿಯ ಆ ಚೀಟಿ 'ಸರ್ವಿಸ್' ಮುದ್ರೆಯೊಂದಿಗೆ ಬಂದದ್ದು ನೂರೇ ನೂರು. ಅಂಥ ನಾಲ್ಕು ಚೀಟಿಗಳ ಪಟ್ಟಿ 2017ರಲ್ಲಿ 5 ಲಕ್ಷ ಪೌಂಡಿಗೆ ಹೋಯಿತು. ಇಲ್ಲಿ ಬೆಲೆ ಇರೋದು ಇತಿಹಾಸಕ್ಕಲ್ಲ, ಅಪರೂಪಕ್ಕೆ!

ಅಪರೂಪದ ಹಿಂದೆ ಓಡಿದರೆ ಕೊನೆಯೇ ಇಲ್ಲ. 'ಕನ್ನಡ ನಾಡು' ಅಂತ ಒಂದೇ ವಿಷಯ ಹಿಡಿದರೆ ಪಟ್ಟಿಗೂ ಕೊನೆ, ಖರ್ಚಿಗೂ ಕೊನೆ. ಹೊಸ ಚೀಟಿಗಳಿಗೆ ಅಂಚೆ ಇಲಾಖೆಯ ಫಿಲಾಟೆಲಿ ಠೇವಣಿ ಖಾತೆ ಇದೆ. 200 ರೂಪಾಯಿ ಕಟ್ಟಿದರೆ ಮುಖಬೆಲೆಗೇ ಸಿಗುತ್ತವೆ. ಖಾತೆಯ ದುಡ್ಡು ಮುಗಿದರೆ ಖರೀದಿಯೂ ನಿಂತಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದರೆ ಇದೇ ಅಲ್ವೇ?