ಮನೆ ದಲ್ಲಾಳಿ ವ್ಯವಹಾರ

ಮನೆ ಕೊಳ್ಳುವವರನ್ನೂ ಮಾರುವವರನ್ನೂ ಒಂದೆಡೆ ಸೇರಿಸಿ, ವ್ಯಾಪಾರ ಕುದುರಿದಾಗ ಕಮಿಷನ್ ಪಡೆಯುವ ಸಣ್ಣ ಉದ್ಯಮ. ಇಲ್ಲಿ ಬಂಡವಾಳಕ್ಕಿಂತ ಊರಿನವರ ನಂಬಿಕೆ ದೊಡ್ಡದು.

ಚನ್ನರಾಯಪಟ್ಟಣ ತಾಲ್ಲೂಕಿನ ಹೋಬಳಿ ಕೇಂದ್ರವಾದ ಬಾಗೂರಿನಂಥ ಊರಲ್ಲಿ ಈ ಕಸುಬಿಗಿಳಿಯುವವರು ಮೊದಲು ದಾಖಲೆ ಓದುವುದನ್ನು ಕಲಿಯಬೇಕು. ಗ್ರಾಮಠಾಣಾ ಮನೆಯಾದರೆ ಪಂಚಾಯಿತಿಯ ಇ-ಸ್ವತ್ತು ನಮೂನೆಯಲ್ಲಿರುವ ಅಳತೆ, ಚೆಕ್ಕುಬಂದಿ ಹಳೆಯ ಕ್ರಯಪತ್ರಕ್ಕೆ ತಾಳೆಯಾಗಬೇಕು. ಋಣಭಾರ ಪತ್ರದಲ್ಲಿ ನೋಂದಾಯಿತ ಅಡಮಾನ ಕಾಣುತ್ತದೆ. ಅಣ್ಣತಮ್ಮಂದಿರ ಬಾಯಿಮಾತಿನ ಪಾಲು ಕಾಣುವುದಿಲ್ಲ. ವಂಶವೃಕ್ಷ ನೋಡದೆ ಮುಂಗಡ ಕೊಡಿಸುವುದು ಖಂಡಿತ ತಪ್ಪು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಂತೆ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲಿದೆ. ಅವರ ಸಹಿ ಇಲ್ಲದ ಕ್ರಯ ಕೋರ್ಟು ಮೆಟ್ಟಿಲೇರುವುದುಂಟು.

2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯಡಿ, ನೋಂದಾಯಿತ ಯೋಜನೆಗಳ ನಿವೇಶನ, ಫ್ಲ್ಯಾಟು ಮಾರಿಸುವ ಏಜೆಂಟರು ತಾವೂ ನೋಂದಣಿ ಮಾಡಿಸಲೇಬೇಕು. ರಾಜ್ಯದ 2017ರ ನಿಯಮಗಳು ಇದಕ್ಕೆ ವ್ಯಕ್ತಿಗೆ 25,000, ಸಂಸ್ಥೆಗೆ 2 ಲಕ್ಷ ರೂಪಾಯಿ ಶುಲ್ಕ ನಿಗದಿಪಡಿಸಿದವು.

2007ರಲ್ಲಿ ಶುರುವಾದ ಕಾಮನ್‌ಫ್ಲೋರ್, 2014ರಲ್ಲಿ ಶುರುವಾದ ನೋಬ್ರೋಕರ್ ಎಂಬ ಬೆಂಗಳೂರಿನ ಕಂಪನಿಗಳು ದಲ್ಲಾಳಿಯ ಕೆಲಸವನ್ನು ಜಾಲತಾಣಕ್ಕೆ ತಂದವು. ಎರಡನೆಯದು ಮಾಲೀಕರನ್ನೂ ಗಿರಾಕಿಯನ್ನೂ ನೇರವಾಗಿ ಭೇಟಿ ಮಾಡಿಸಿತು. ಹೋಬಳಿಯಲ್ಲಿ ಮಾತ್ರ ಮನೆ ತೋರಿಸುವುದರಿಂದ ಹಿಡಿದು ಉಪನೋಂದಣಾಧಿಕಾರಿ ಕಚೇರಿಯಲ್ಲಿ ಸಹಿ ಬೀಳುವವರೆಗೆ ದಲ್ಲಾಳಿಯೇ ಓಡಾಡಬೇಕು. ಕಮಿಷನ್ ಎಷ್ಟು, ಕೊಡುವವರು ಯಾರು ಎಂಬುದನ್ನು ಮೊದಲೇ ಬರೆದುಕೊಂಡರೆ ಜಗಳವಿರದು.